ಆಡಿನ ಹಾಲು, ಕಂದು ರೋಗ, ಗ್ರಾಹಕ ಆಯೋಗ: ನಮ್ಮ ಮನೆಯ 22 ತಿಂಗಳು

ಹೋದ ವಾರ ಬ್ಯಾಂಕಿನಿಂದ ಮೆಸೇಜು ಬಂತು. ಕೇಸಿನ ಹಣ ಜಮಾ ಆಗಿತ್ತು. ಅವತ್ತೇ ಇದನ್ನು ಬರೆಯಲು ಕೂತೆ. 2024ರ ಬೇಸಿಗೆಯಲ್ಲಿ ನಾನು ಇಂಥದ್ದೇ ಒಂದು ಬರಹಕ್ಕಾಗಿ ರಾತ್ರಿಯೆಲ್ಲ ಮೊಬೈಲಿನಲ್ಲಿ ಹುಡುಕಿದ್ದೆ. ಮೇಳದಲ್ಲಿ ಪ್ರಾಣಿಯಿಂದ ರೋಗ ಬಂದರೆ ಯಾರು ಹೊಣೆ ಅಂತ ಕನ್ನಡದಲ್ಲಿ ಬರೆದು ಹುಡುಕಿದರೆ ನಾಯಿ ಕಚ್ಚಿದ ಸುದ್ದಿಗಳೇ ಬರುತ್ತಿದ್ದವು. ನಮ್ಮ ಹಾಗೆ ಸಿಕ್ಕಿಹಾಕಿಕೊಂಡವರಿಗೆ ಇದು ದಾರಿ ತೋರಿಸಲಿ ಅಂತ ಬರೆಯುತ್ತಿದ್ದೇನೆ.

ನಾವು ಗಂಗಾವತಿಯವರು. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ನಮ್ಮ ಮನೆಯವರು ಅಕ್ಕಿ ಗಿರಣಿಯಲ್ಲಿ ಗುಮಾಸ್ತರು. ಮಗಳಿಗೆ ಆಗ 9 ವರ್ಷ. 2024ರ ಜನವರಿ 28, ಭಾನುವಾರ. ನಮ್ಮ ಜಿಲ್ಲೆಯಲ್ಲೇ ಖಾಸಗಿಯವರು ನಡೆಸಿದ ಒಂದು ಕೃಷಿ ಮೇಳಕ್ಕೆ ಹೋಗಿದ್ದೆವು. ಟ್ರ್ಯಾಕ್ಟರ್, ಹನಿ ನೀರಾವರಿ ಪೈಪು, ಬೀಜದ ಅಂಗಡಿಗಳು. ಒಂದು ಮೂಲೆಯಲ್ಲಿ ಬೇಲಿ ಕಟ್ಟಿ "ಮರಿಗಳ ಜೊತೆ ಆಟ" ಅಂತ ಬೋರ್ಡು ಹಾಕಿದ್ದರು. ಒಬ್ಬರಿಗೆ 30 ರೂಪಾಯಿ ಟಿಕೆಟ್. ಒಳಗೆ ಆಡು, ಕುರಿ, ಮೊಲ, ಒಂದು ಕರು. ಹಿಂದಿನ ದಿನವಷ್ಟೇ ಈದಿದ್ದ ಒಂದು ಆಡು ಇತ್ತು. ಅದರ ಮರಿಯನ್ನು ಮಗಳು ಎತ್ತಿಕೊಂಡು ಬಿಡಲೇ ಇಲ್ಲ. ಅದು ಇವಳ ಬೆರಳು ಚೀಪುತ್ತಿತ್ತು.

ಪಕ್ಕದಲ್ಲೇ ಆಡಿನ ಹಾಲಿನ ಅಂಗಡಿ. ಆಗ ತಾನೇ ಕರೆದ ಹಸಿ ಹಾಲು, ಒಂದು ಲೋಟಕ್ಕೆ 40 ರೂಪಾಯಿ, ಆರೋಗ್ಯಕ್ಕೆ ಒಳ್ಳೆಯದು ಅಂತ ದೊಡ್ಡದಾಗಿ ಬರೆದಿದ್ದರು. ಮಗಳು ಒಂದು ಲೋಟ ಕುಡಿದಳು, ಅವಳ ಅಪ್ಪ ಒಂದು ಲೋಟ. 80 ರೂಪಾಯಿ ಫೋನ್‌ಪೇ ಮಾಡಿದೆ. ನನಗೆ ಆಡಿನ ಹಾಲಿನ ವಾಸನೆ ಆಗಲ್ಲ, ನಾನು ಕುಡಿಯಲಿಲ್ಲ. ಕೈ ತೊಳೆಯಲು ನೀಲಿ ಡ್ರಮ್ಮು ಇಟ್ಟಿದ್ದರು. ನಾವು ಹೋಗುವಷ್ಟರಲ್ಲಿ ಅದು ಖಾಲಿಯಾಗಿ ಮಗ್ಗುಲಾಗಿ ಬಿದ್ದಿತ್ತು. ಸೋಪು ಇರಲಿಲ್ಲ. ಸೆರಗಿನಲ್ಲೇ ಮಗಳ ಕೈ ಒರೆಸಿ, ಮಂಡಕ್ಕಿ ಮಿರ್ಚಿ ಕೊಡಿಸಿದೆ. ಆ ಕೈ ಒರೆಸಿದ್ದನ್ನು ನಾನು ಎಷ್ಟು ಸಲ ನೆನೆಸಿಕೊಂಡು ಅತ್ತಿದ್ದೇನೋ ಲೆಕ್ಕವಿಲ್ಲ.

19ನೇ ದಿನ ಮಗಳಿಗೆ ಜ್ವರ ಬಂತು. ಬೆಳಿಗ್ಗೆ ಆರಾಮಾಗಿ ಇರುತ್ತಿದ್ದಳು. ಸಂಜೆ ಆದರೆ ಮೈ ಕಾದು, ರಾತ್ರಿ ಬೆವರಿ ಹಾಸಿಗೆಯೆಲ್ಲ ಒದ್ದೆ. ವಿಡಾಲ್ ಪರೀಕ್ಷೆ ಮಾಡಿಸಿದರು, ಟೈಫಾಯ್ಡ್ ಅಂದರು. ಐದು ದಿನ ಅಡ್ಮಿಟ್ ಮಾಡಿ ಸಲೈನ್, ಇಂಜೆಕ್ಷನ್ ಕೊಟ್ಟರು. ಜ್ವರ ಇಳಿಯಿತು. ಹತ್ತು ದಿನಕ್ಕೆ ಮತ್ತೆ ಬಂತು. ಮತ್ತೆ ಟೈಫಾಯ್ಡ್ ಅಂದರು, ಮತ್ತೆ ಅಡ್ಮಿಟ್. ಅಷ್ಟರಲ್ಲಿ ಅವಳು ಕುಂಟಲು ಶುರು ಮಾಡಿದ್ದಳು, ಸೊಂಟದ ಕೀಲು ನೋವು. ಮಾರ್ಚ್ 6ಕ್ಕೆ ಅವಳ ಅಪ್ಪನಿಗೂ ಅದೇ ಸಂಜೆ ಜ್ವರ, ಅದೇ ಬೆವರು, ನಡ ಎತ್ತಲು ಆಗದಂಥ ನೋವು.

ಕಂಪ್ಲಿ, ಕುರುಗೋಡು ಮೇಲೆ ಬಳ್ಳಾರಿಗೆ ಕರೆದುಕೊಂಡು ಹೋದೆ. ಅಲ್ಲಿನ ಮಕ್ಕಳ ಡಾಕ್ಟರು ಫೈಲು ತೆರೆಯುವ ಮುಂಚೆ ಕೇಳಿದ ಮೊದಲ ಪ್ರಶ್ನೆ: "ಮನೆಯಲ್ಲಿ ದನ, ಆಡು, ಕುರಿ ಇದಾವೇನಮ್ಮಾ? ಹಸಿ ಹಾಲು ಕುಡಿದಿದ್ದಳೇನು?" ಆಗ ನನಗೆ ಮೇಳ ನೆನಪಾಯಿತು. ಅವರು ಬ್ರುಸೆಲ್ಲಾ ಪರೀಕ್ಷೆ ಬರೆದುಕೊಟ್ಟರು. ಮಾರ್ಚ್ 22ಕ್ಕೆ ವರದಿ ಬಂತು. ಟೈಟರ್ ಅಂದರೆ ರೋಗದ ವಿರುದ್ಧ ರಕ್ತದಲ್ಲಿ ಹುಟ್ಟಿದ ಪ್ರತಿಕಾಯದ ಅಳತೆ. ಮಗಳದು 640, ಇವರದು 320. ಇಬ್ಬರಿಗೂ ಬ್ರುಸೆಲ್ಲೋಸಿಸ್. ನಮ್ಮ ಕಡೆ ಪಶು ವೈದ್ಯರು ಕಂದು ರೋಗ ಅನ್ನುವುದು ಇದಕ್ಕೇ. ಇದು ತಗುಲಿದ ದನ, ಆಡು, ಕುರಿಗಳು ಕಂದು ಹಾಕುತ್ತವೆ, ಅಂದರೆ ದಿನ ತುಂಬುವ ಮೊದಲೇ ಗರ್ಭ ಬಿದ್ದುಹೋಗುತ್ತದೆ. ಹಾಲಿನಲ್ಲಿ, ಈದಾಗ ಬರುವ ನೀರಿನಲ್ಲಿ, ಮಾಸಿನಲ್ಲಿ ರೋಗಾಣು ಇರುತ್ತದೆ. ಆಡು, ಕುರಿಯಿಂದ ಬರುವ ಜಾತಿಯೇ ಮನುಷ್ಯರಿಗೆ ಹೆಚ್ಚು ಕಾಡುವುದಂತೆ. ಹಾಲು ಕುದಿಸಿದರೆ ಸತ್ತುಹೋಗುತ್ತದೆ. ಅಷ್ಟೇ ಸಾಕಿತ್ತು, ಒಂದು ಕುದಿ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ವಾರಗಟ್ಟಲೆ ಜ್ವರ ಹೋಗಿ ಬಂದು ಮಾಡುತ್ತಿದ್ದರೆ, ಕೀಲು ನೋವೂ ಇದ್ದರೆ, ಡಾಕ್ಟರು ಕೇಳದಿದ್ದರೂ ನೀವೇ ಹೇಳಿ: ಇಂಥ ದಿನ ಪ್ರಾಣಿ ಮುಟ್ಟಿದ್ದೆವು, ಹಸಿ ಹಾಲು ಕುಡಿದಿದ್ದೆವು ಅಂತ. ಈ ರೋಗ ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರಕ್ಕೆ ಕಾಣಿಸಿಕೊಳ್ಳುತ್ತದೆ, ಕೆಲವರಲ್ಲಿ ತಿಂಗಳುಗಳೇ ಆಗುತ್ತವೆ. ಅಷ್ಟರಲ್ಲಿ ನಾವು ಮರೆತಿರುತ್ತೇವೆ. ರಕ್ತವನ್ನು ಕಲ್ಚರ್‌ಗೆ, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ ಕೊಟ್ಟರೆ ಲ್ಯಾಬಿನವರಿಗೂ ಮೊದಲೇ ಹೇಳಿ, ಅವರಿಗೂ ತಗುಲುವ ರೋಗ ಇದು.

ಚಿಕಿತ್ಸೆ ಆರು ವಾರ. ಡಾಕ್ಸಿಸೈಕ್ಲಿನ್ ಜೊತೆ ರಿಫಾಂಪಿಸಿನ್. ರಿಫಾಂಪಿಸಿನ್ ಮಾತ್ರೆಯಿಂದ ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತದೆ. ಮಗಳು ರಕ್ತ ಬರ್ತಿದೆ ಅಂತ ಬಚ್ಚಲಲ್ಲಿ ಚೀರಿದ್ದಳು. ನಮಗೂ ಮೊದಲೇ ಗೊತ್ತಿರಲಿಲ್ಲ. ಅದು ಟಿಬಿಗೂ ಕೊಡುವ ಮಾತ್ರೆ. ಮೆಡಿಕಲ್ ಶಾಪಿನಿಂದ ಸುದ್ದಿ ಹೊರಟು, ಈ ಮನೆಯಲ್ಲಿ ಇಬ್ಬರಿಗೆ ಟಿಬಿ ಅಂತ ಓಣಿಯೆಲ್ಲ ಮಾತಾಯಿತು. ಹೊಲಿಯಲು ಬರುತ್ತಿದ್ದ ಬಟ್ಟೆ ನಿಂತವು. ಕಂದು ರೋಗ ಮನುಷ್ಯರಿಂದ ಮನುಷ್ಯರಿಗೆ ಹೀಗೆ ಹರಡುವುದಿಲ್ಲ ಅಂತ ಎಷ್ಟು ಮನೆಗೆ ಹೋಗಿ ಹೇಳಲಿ? ಇವರು ಎರಡು ತಿಂಗಳು ಗಿರಣಿಗೆ ಹೋಗಲಿಲ್ಲ, ಪಗಾರವೂ ಇಲ್ಲ. ನನ್ನ ಕಿವಿಯೋಲೆ, ಬೆಂಡೋಲೆ ಬ್ಯಾಂಕಿಗೆ ಹೋದವು.

ಸಿಟ್ಟು ಬಂದದ್ದು ಆಮೇಲೆ. ಮೇ ತಿಂಗಳಲ್ಲಿ ಮೇಳದ ಸಂಘಟಕರಿಗೆ ಫೋನ್ ಮಾಡಿದೆ. ಪರಿಹಾರ ಕೇಳಲು ಅಲ್ಲ. ಆ ಆಡುಗಳನ್ನು ಪರೀಕ್ಷೆ ಮಾಡಿಸಿ, ಬೇರೆ ಮಕ್ಕಳೂ ಕುಡಿದಿರುತ್ತಾರೆ ಅಂತ ಹೇಳಲು. "ಗೇಟಿನಲ್ಲಿ ಬೋರ್ಡು ಹಾಕಿದ್ವಲ್ಲಮ್ಮಾ, ಒಳಗೆ ಬಂದವರು ಅವರವರ ಜವಾಬ್ದಾರಿ" ಅಂದು ಇಟ್ಟುಬಿಟ್ಟರು. ಠಾಣೆಗೆ ಹೋದೆ. ಸಿವಿಲ್ ವಿಷಯ, ಗ್ರಾಹಕರ ಕೋರ್ಟಿಗೆ ಹೋಗ್ರಿ ಅಂದರು. ನಿರ್ಲಕ್ಷ್ಯದಿಂದ ರೋಗ ಹರಡುವುದು ಹಳೆಯ ಐಪಿಸಿಯ 269ನೇ ಕಲಮಿನಲ್ಲಿ ಅಪರಾಧವೇ. 2024ರ ಜುಲೈ 1ರಿಂದ ಅದು ನ್ಯಾಯ ಸಂಹಿತೆಯ 271. ಇದು ನನಗೆ ಗೊತ್ತಾದದ್ದು ತಿಂಗಳುಗಳ ನಂತರ. ಆಗ ಸುಮ್ನೆ ವಾಪಸ್ ಬಂದೆ.

ಒಬ್ಬ ವಕೀಲರಿಗೆ 2,500 ರೂಪಾಯಿ ಕೊಟ್ಟು ಲೀಗಲ್ ನೋಟಿಸ್ ಕಳಿಸಿದೆ, ಸಂಘಟಕರಿಗೆ ಒಂದು, ಹಾಲಿನ ಅಂಗಡಿಯವರಿಗೆ ಒಂದು. ಮುಂದಿನ ಕೆಲಸಕ್ಕೆ ಅವರು ಕೇಳಿದ ಫೀಸು ನಮ್ಮ ಕೈಲಿ ಆಗುವಂಥದ್ದಲ್ಲ. ಆಗ ಪಕ್ಕದ ಮನೆಯ ಅಂಗನವಾಡಿ ಟೀಚರಕ್ಕ ಹೇಳಿದರು, ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇದೆ ಅಂತ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. 1987ರ ಕಾಯ್ದೆಯಿಂದ ಬಂದ ಹಕ್ಕು ಇದು. 15100ಕ್ಕೆ ಫೋನ್ ಮಾಡಿದರೂ ಹೇಳುತ್ತಾರೆ. ಆಧಾರ್ ಪ್ರತಿ, ಒಂದು ಅರ್ಜಿ, ಅಷ್ಟೇ. ಹತ್ತು ದಿನಕ್ಕೆ ಒಬ್ಬ ವಕೀಲೆ ಸಿಕ್ಕರು. ನನಗಿಂತ ಚಿಕ್ಕವರು. ನಾನು ಹೇಳಿದ್ದನ್ನೆಲ್ಲ ಕೇಳಿ ಅವರು ಮೊದಲು ಕೇಳಿದ್ದು, "ಅಕ್ಕಾ, ಟಿಕೆಟ್ ಇದೆಯಾ?"

ಇತ್ತು. ಮಗಳು ಅದನ್ನು ಪರಿಸರ ಅಧ್ಯಯನದ ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಂಡಿದ್ದಳು. ಮರಿಯ ಚಿತ್ರ ಇದೆ ಅಂತ.

ಟಿಕೆಟ್ ಯಾಕೆ ಬೇಕು ಅನ್ನುವುದನ್ನು ವಕೀಲೆ ಬಿಡಿಸಿ ಹೇಳಿದರು. ದುಡ್ಡು ಕೊಟ್ಟು ಕೊಂಡವರು ಗ್ರಾಹಕರು. ಅವರ ಒಪ್ಪಿಗೆಯಿಂದ ಬಳಸಿದವರೂ ಗ್ರಾಹಕರೇ, ಹಾಗಾಗಿ ಮಗಳೂ ಬರುತ್ತಾಳೆ. ಪ್ರವೇಶ ಉಚಿತವಾಗಿದ್ದು, ನಾವು ಏನೂ ಕೊಳ್ಳದೇ ಇದ್ದಿದ್ದರೆ ಗ್ರಾಹಕ ಆಯೋಗ ನಮ್ಮ ದೂರು ತೆಗೆದುಕೊಳ್ಳುತ್ತಿರಲಿಲ್ಲ. ಸಿವಿಲ್ ಕೋರ್ಟಿನಲ್ಲಿ ನಷ್ಟ ಪರಿಹಾರದ ದಾವೆ ಹೂಡಬೇಕಾಗುತ್ತಿತ್ತು. ಮೇಳ ಸರ್ಕಾರದ್ದಾದರೆ ಆ ದಾವೆಗೂ ಮೊದಲು ಎರಡು ತಿಂಗಳ ನೋಟಿಸ್ ಕೊಡಬೇಕು. ನಮ್ಮ ಕೈಲಿ ಎರಡು ಎಳೆ ಇದ್ದವು. ಮರಿಗಳ ಜೊತೆ ಆಡುವ ಅಂಗಳದ ಟಿಕೆಟ್ ದುಡ್ಡು ಸಂಘಟಕರ ಸೇವೆಗೆ ಕೊಟ್ಟದ್ದು. ಹಾಲು ಒಂದು ಉತ್ಪನ್ನ, ಅದಕ್ಕೆ ಕೊಟ್ಟ 80 ರೂಪಾಯಿ ಫೋನಿನಲ್ಲಿತ್ತು. ಗ್ರಾಹಕರ ರಕ್ಷಣಾ ಕಾಯ್ದೆ 2019ರಲ್ಲಿ ಎರಡಕ್ಕೂ ಬೇರೆ ಬೇರೆ ಹೊಣೆ ಇದೆ. ಒಂದು ಸೇವಾ ನ್ಯೂನತೆ, ಇನ್ನೊಂದು ಉತ್ಪನ್ನದ ಹೊಣೆ. ಆಹಾರ ಸುರಕ್ಷತಾ ಕಾಯ್ದೆ 2006ರ 65ನೇ ಕಲಮಿನಲ್ಲೂ ಪರಿಹಾರ ಇದೆ. ಸಾವಾದರೆ ಕನಿಷ್ಠ 5 ಲಕ್ಷ, ತೀವ್ರ ತೊಂದರೆಗೆ 3 ಲಕ್ಷದವರೆಗೆ, ಉಳಿದದ್ದಕ್ಕೆ 1 ಲಕ್ಷದವರೆಗೆ. ನಾವು ಗ್ರಾಹಕ ಆಯೋಗದ ದಾರಿ ಹಿಡಿದೆವು.

ಆದರೆ ಅವರು ಅವತ್ತೇ ಕಡ್ಡಿ ಮುರಿದ ಹಾಗೆ ಹೇಳಿದರು. "ಕಾನೂನು ಇದೆ ಅಕ್ಕಾ. ಕಷ್ಟ ಇರೋದು ಆ ದಿನಕ್ಕೂ ಈ ಜ್ವರಕ್ಕೂ ಗಂಟು ಹಾಕೋದ್ರಲ್ಲಿ. ಹಾಲು ಹೊಟ್ಟೆ ಸೇರಿದೆ. ಆಡು ಎಲ್ಲಿದಾವೋ ಗೊತ್ತಿಲ್ಲ. ಕಾಗದಗಳನ್ನ ಹುಡುಕೋಣ." ಮುಂದಿನ ಒಂದೂವರೆ ವರ್ಷ ನಾವು ಮಾಡಿದ್ದು ಇದನ್ನೇ.

ಮೊದಲು ಮಾಹಿತಿ ಹಕ್ಕಿನ ಅರ್ಜಿ. 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನದಲ್ಲಿ ಉತ್ತರ. ನಾನು ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಎರಡು ಪುಟ ಬರೆದು ಕೊಟ್ಟೆ. ವಾಪಸ್ ಬಂತು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದ ಮಾತ್ರ. ಇದು ಗೊತ್ತಿಲ್ಲದೆ ಒಂದು ತಿಂಗಳು ಹಾಳಾಯಿತು. ಆಮೇಲೆ ಮೂರು ಬೇರೆ ಬೇರೆ ಅರ್ಜಿ ಹಾಕಿದೆ. ಆಹಾರ ಸುರಕ್ಷತೆಯವರಿಗೆ: ಆ ಅಂಗಡಿಗೆ ನೋಂದಣಿ ಇತ್ತೇ? ಪಶು ಇಲಾಖೆಗೆ: ಮೇಳದ ಪ್ರಾಣಿಗಳ ತಪಾಸಣೆಗೆ ಸಂಘಟಕರು ಕೇಳಿಕೊಂಡಿದ್ದರೇ? ಅನುಮತಿ ಕೊಟ್ಟ ಪಂಚಾಯಿತಿಗೆ: ಅನುಮತಿ ಪತ್ರದ ಪ್ರತಿ ಕೊಡಿ. ಮೊದಲೆರಡಕ್ಕೂ "ಇಲ್ಲ" ಅಂತ ಉತ್ತರ ಬಂತು. ಆಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿನ ಚಿಕ್ಕ ಅಂಗಡಿಗೂ ನೋಂದಣಿ ಬೇಕಿತ್ತು, ವರ್ಷಕ್ಕೆ 100 ರೂಪಾಯಿ ಫೀಸು ಇತ್ತು. ಅದನ್ನೂ ಮಾಡಿಸಿರಲಿಲ್ಲ. ಮೂರನೇ ಉತ್ತರ ನಮ್ಮ ಕೇಸಿನ ಬೆನ್ನೆಲುಬಾಯಿತು. ಅನುಮತಿ ಪತ್ರದ ಏಳನೇ ಷರತ್ತು: ಕುಡಿಯುವ ನೀರು, ಕೈ ತೊಳೆಯುವ ನೀರು, ಸ್ವಚ್ಛತೆ ಮತ್ತು ತಿನಿಸಿನ ಅಂಗಡಿಗಳ ಮೇಲ್ವಿಚಾರಣೆ ಸಂಘಟಕರ ಜವಾಬ್ದಾರಿ. ಕೆಳಗೆ ಅವರದೇ ಸಹಿ. ಗೇಟಿನ ಬೋರ್ಡು ನಮಗೆ ಏನಾದರೂ ಹೇಳಲಿ, ಪಂಚಾಯಿತಿಗೆ ಅವರು ಬರೆದುಕೊಟ್ಟದ್ದು ಇದು.

ಎರಡನೆಯದು ಫೋಟೋ. ಮಗಳು ಮರಿ ಎತ್ತಿಕೊಂಡ ಫೋಟೋದ ಹಿಂದೆ ಮಗ್ಗುಲಾಗಿ ಬಿದ್ದ ನೀಲಿ ಡ್ರಮ್ಮು ಕಾಣುತ್ತಿತ್ತು. ನಾನು ಅದನ್ನು ವಕೀಲೆಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಹಾಗೆ ಕಳಿಸಿದರೆ ತಾರೀಖಿನ ವಿವರ ಅಳಿಸಿಹೋಗುತ್ತದೆ, ಮೂಲ ಫೋಟೋ ಫೋನಿನಲ್ಲೇ ಇರಲಿ, ಫೋನ್ ಬದಲಿಸಬೇಡಿ ಅಂದರು. ಸ್ಕ್ರೀನ್ ಒಡೆದಿದ್ದ ಆ ಫೋನನ್ನು ಎರಡು ವರ್ಷ ಜೋಪಾನ ಮಾಡಿದೆ. ಫೋನಿನಲ್ಲಿರುವ ಇಂಥ ದಾಖಲೆಗೆ ಬೇಕಾದ, ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನೂ ಜೊತೆಗೆ ಕೊಟ್ಟೆವು.

ಆಸ್ಪತ್ರೆ ಬಿಲ್ಲಿನಲ್ಲಿ ನಾನು ಪೆಟ್ಟು ತಿಂದೆ. ಖರ್ಚಾದದ್ದು 92,600. ಬಿಲ್ಲು ಸಿಕ್ಕಿದ್ದು 71,400ಕ್ಕೆ ಮಾತ್ರ. ಉಳಿದದ್ದು ಬಿಲ್ಲಿಲ್ಲದೆ ಕೊಂಡ ಮಾತ್ರೆ, ಬಾಡಿಗೆ ಕಾರು, ಚೀಟಿಯಲ್ಲಿ ಬರೆದುಕೊಟ್ಟ ಲ್ಯಾಬು. ಮಗು ಮಲಗಿರುವಾಗ ಬಿಲ್ಲು ಕೇಳುವ ಮನಸ್ಸು ಇರುವುದಿಲ್ಲ, ನನಗೆ ಗೊತ್ತು. ಆದರೂ ಕೇಳಿ ಇಟ್ಟುಕೊಳ್ಳಿ.

ಬಳ್ಳಾರಿ ಡಾಕ್ಟರು ಮೇಳದ ಹಾಲಿನಿಂದಲೇ ಬಂತು ಅಂತ ಬರೆಯಲು ಒಪ್ಪಲಿಲ್ಲ. ನಾನು ಅಲ್ಲೇ ಅತ್ತೆ. ಅವರು ಸಮಾಧಾನದಿಂದ ಹೇಳಿದರು, "ನಾನು ನೋಡದೇ ಇದ್ದದ್ದನ್ನು ಬರೆದರೆ ನಿಮ್ಮ ಕೇಸೇ ಹಾಳಾಗುತ್ತೆ." ಕೊನೆಗೆ ಬರೆದದ್ದು ಹೀಗೆ: ಹಸಿ ಹಾಲು ಮತ್ತು ಈದ ಪ್ರಾಣಿಯ ಸಂಪರ್ಕ ಈ ರೋಗ ಬರುವ ಮುಖ್ಯ ದಾರಿ, ದಿನಗಳ ಲೆಕ್ಕ ಹೊಂದುತ್ತದೆ, ಮನೆಯಲ್ಲಿ ಹಾಲು ಕುಡಿದ ಇಬ್ಬರಿಗೂ ಬಂದಿದೆ, ಕುಡಿಯದ ತಾಯಿಗೆ ಬಂದಿಲ್ಲ. ನನ್ನ ರಕ್ತವನ್ನೂ ಪರೀಕ್ಷೆ ಮಾಡಿಸಿದ್ದೆವು, ನೆಗೆಟಿವ್. ಇಂಥ ಕೇಸಿನಲ್ಲಿ ನೂರಕ್ಕೆ ನೂರು ಸಾಬೀತು ಬೇಕಿಲ್ಲ, ಯಾವುದು ಹೆಚ್ಚು ಸಂಭವ ಅನ್ನುವುದನ್ನು ತೂಗಿ ನೋಡುತ್ತಾರೆ ಅಂತ ವಕೀಲೆ ಧೈರ್ಯ ಹೇಳಿದರು.

2024ರ ಆಗಸ್ಟ್‌ನಲ್ಲಿ ಇ-ದಾಖಿಲ್ ಮೂಲಕ ದೂರು ಹಾಕಿದೆವು. ಈಗ ಹಾಕುವವರು ಇ-ಜಾಗೃತಿ ಪೋರ್ಟಲ್‌ಗೆ ಹೋಗಬೇಕು, 2025ರ ಜನವರಿಯಿಂದ ಅದು ಬಂದಿದೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಲೆಕ್ಕಕ್ಕೆ ಬರುವುದು ನಾವು ಕೇಳುವ ಪರಿಹಾರವಲ್ಲ, ಕೊಟ್ಟ ಬೆಲೆ. ನಮ್ಮದು ಟಿಕೆಟ್ ಮತ್ತು ಹಾಲಿನ ದುಡ್ಡು. ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎದುರುದಾರರು ಎಲ್ಲಿಯವರಾದರೂ ಸರಿ. ಎರಡು ವರ್ಷದೊಳಗೆ ಕೊಡಬೇಕು. ವಕೀಲರಿಲ್ಲದೆ ನಾವೇ ನಡೆಸಲೂಬಹುದು. ಏನೂ ತಿಳಿಯದಿದ್ದರೆ 1915ಕ್ಕೆ ಫೋನ್ ಮಾಡಿ.

ಗಂಗಾವತಿಯಿಂದ ಕೊಪ್ಪಳದ ಜಿಲ್ಲಾ ಆಯೋಗಕ್ಕೆ ನಾನು ಹೋಗಿ ಬಂದದ್ದು 17 ಸಲ. ಶಕ್ತಿ ಯೋಜನೆ ಇದ್ದುದರಿಂದ ನನಗೆ ಬಸ್ ಚಾರ್ಜು ಇರಲಿಲ್ಲ. ಅದು ಇಲ್ಲದಿದ್ದರೆ ಅರ್ಧದಲ್ಲೇ ಕೈಬಿಡುತ್ತಿದ್ದೆನೋ ಏನೋ. ಒಂದು ತಾರೀಖು ಅಂದರೆ ಒಂದು ದಿನದ ಹೊಲಿಗೆ ಹೋಯಿತು.

ಸಂಘಟಕರ ತಕರಾರು 44ನೇ ದಿನ ಬಂತು. ಅವರಿಗೆ 30 ದಿನ, ಮೇಲೆ 15 ದಿನ ಮಾತ್ರ ಸಮಯ. ಅದು ದಾಟಿದರೆ ತೆಗೆದುಕೊಳ್ಳುವಂತಿಲ್ಲ ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲೇ ಹೇಳಿದೆ. ಒಂದು ದಿನ ಉಳಿಸಿಕೊಂಡು ಕೊಟ್ಟರು. ಅದರಲ್ಲಿದ್ದದ್ದು: ನಾವು ಬರೀ ಜಾಗ ಬಾಡಿಗೆ ಕೊಟ್ಟವರು. ಇಷ್ಟಪಟ್ಟು ಕುಡಿದಿದ್ದಾರೆ. ಇಂಥ ರೋಗ ಇದೆ ಅಂತಲೇ ನಮಗೆ ಗೊತ್ತಿರಲಿಲ್ಲ. ಕೊನೆಯ ಸಾಲು ಓದಿ ನನ್ನ ಎದೆ ಒಡೆಯಿತು: ದೂರುದಾರರ ಮಗಳು ಸಂಕ್ರಾಂತಿಗೆ ಅಜ್ಜಿಯ ಊರಿಗೆ ಹೋಗಿದ್ದಳು, ಅಲ್ಲಿ ಆಡುಗಳಿವೆ, ರೋಗ ಅಲ್ಲಿಂದ ಬಂದಿರಬೇಕು.

ಅದು ನಿಜ. ಕುಷ್ಟಗಿ ಕಡೆ ನಮ್ಮ ಅತ್ತೆಯ ಊರು. ಐದು ಆಡು ಸಾಕಿದ್ದಾರೆ. ಸಂಕ್ರಾಂತಿಗೆ ಹೋಗಿದ್ದೆವು. ದಿನಗಳ ಲೆಕ್ಕದಲ್ಲಿ ಅದೂ ಹೊಂದುತ್ತಿತ್ತು. ಆ ಆಡುಗಳ ರಕ್ತ ಪರೀಕ್ಷೆ ಮಾಡಿಸಲೇಬೇಕು ಅಂದರು ವಕೀಲೆ. ಅತ್ತೆಗೆ ಹೇಗೆ ಹೇಳುವುದು? ಇವರು ಹೇಳಿದಾಗ ಅತ್ತೆ ಹೊಸ್ತಿಲ ಮೇಲೆ ಕೂತುಬಿಟ್ಟರು. "ನಮ್ಮ ಆಡಿಂದ ನನ್ನ ಮೊಮ್ಮಗಳಿಗೆ ಜಡ್ಡು ಬಂತೇನ ಹಂಗಾರ?" ಅಂತ ಅದನ್ನೇ ಮತ್ತೆ ಮತ್ತೆ ಕೇಳಿದರು. ಪಶು ಆಸ್ಪತ್ರೆಯವರು ಬಂದು ಐದೂ ಆಡಿನ ರಕ್ತ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರು. ವರದಿ ಬರುವ ತನಕ ಅತ್ತೆ ಒಪ್ಪತ್ತು ಊಟ ಮಾಡಿದರು. ಐದೂ ನೆಗೆಟಿವ್. ಆ ಕಾಗದವನ್ನು ಅತ್ತೆ ದೇವರ ಜಗಲಿಯ ಮೇಲೆ ಇಟ್ಟಿದ್ದರು, ಅಲ್ಲಿಂದ ತಂದು ಆಯೋಗಕ್ಕೆ ಕೊಟ್ಟೆವು. ನೀವು ಕೇಸು ಹಾಕುವುದಾದರೆ ಇದನ್ನು ಮೊದಲೇ ಮಾಡಿಸಿ. ನಿಮ್ಮ ಮನೆಯ, ನೆಂಟರ ಮನೆಯ ಪ್ರಾಣಿಗಳ ಕಡೆಗೇ ಅವರು ಬೆರಳು ತೋರಿಸುತ್ತಾರೆ.

ಗೊತ್ತಿರಲಿಲ್ಲ ಅನ್ನುವ ಮಾತಿಗೆ ವಕೀಲೆ ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು. ಈ ರೋಗಾಣುವನ್ನು ಡೇವಿಡ್ ಬ್ರೂಸ್ ಮಾಲ್ಟಾ ದ್ವೀಪದಲ್ಲಿ 1887ರಲ್ಲಿ ಕಂಡುಹಿಡಿದರು. ಅದು ಆಡಿನಿಂದ ಬರುತ್ತದೆ ಅಂತ ಅಲ್ಲಿನ ವೈದ್ಯ ಝಮ್ಮಿಟ್ 1905ರಲ್ಲೇ ತೋರಿಸಿದರು. ಸೈನಿಕರಿಗೆ ಆಡಿನ ಹಾಲು ನಿಲ್ಲಿಸಿದ ಕೂಡಲೇ ಜ್ವರವೂ ಇಳಿಯಿತು. ನೂರು ವರ್ಷದ ಮೇಲಾಯಿತು. ನಮ್ಮ ದೇಶದಲ್ಲೂ ಪ್ರಾಣಿಗಳ ಸೋಂಕು ರೋಗಗಳ 2009ರ ಕಾಯ್ದೆಯ ಪಟ್ಟಿಯಲ್ಲಿ ಇದು ಇದೆ. ಮೇಳ ಮಾಡುವವರಿಗೆ ಪಶು ವೈದ್ಯರನ್ನು ಒಂದು ಮಾತು ಕೇಳುವುದು ದೊಡ್ಡ ಕೆಲಸವಾಗಿತ್ತೇ? ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಉದಾಹರಣೆಯನ್ನೂ ಕೊಟ್ಟರು. ಅಲ್ಲಿ 2004ರ ಮೇಳದಲ್ಲಿ ಮಕ್ಕಳು ಆಡು, ಕುರಿ ಮುಟ್ಟುವ ಅಂಗಳದಿಂದ 108 ಜನಕ್ಕೆ ಇ-ಕೋಲಿ ಸೋಂಕು ತಗುಲಿತು, 15 ಜನಕ್ಕೆ ಕಿಡ್ನಿಗೆ ಪೆಟ್ಟಾಯಿತು. ಮರುವರ್ಷವೇ ಅಂಥ ಅಂಗಳಗಳಿಗೆ ಪರವಾನಗಿ, ಕೈ ತೊಳೆಯುವ ವ್ಯವಸ್ಥೆ, ಎಚ್ಚರಿಕೆ ಫಲಕ ಬೇಕು ಅಂತ ಅಲ್ಲಿ ಕಾನೂನು ಬಂತು. ಅದು ಬೇರೆ ದೇಶದ ಕಾನೂನು, ಇಲ್ಲಿ ನಡೆಯಲ್ಲ. ಆದರೆ ಸೋಪು ನೀರಿಗೆ ದೇಶ ಯಾವುದಾದರೇನು?

ಹಾಲಿನ ಅಂಗಡಿಯವರಿಗೆ ಕಳಿಸಿದ ನೋಟಿಸ್ ಎರಡು ಸಲ ವಾಪಸ್ ಬಂದಿತ್ತು. ಫೋನ್‌ಪೇಯಲ್ಲಿ ಹೆಸರು ಮಾತ್ರ ಇತ್ತು. ಅಂಗಡಿಗಳ ಪಟ್ಟಿ ಕೊಡಿ ಅಂತ ಆಯೋಗದ ಮುಂದೆ ಅರ್ಜಿ ಹಾಕಿದ ಮೇಲೆ ಸಂಘಟಕರು ವಿಳಾಸ ಕೊಟ್ಟರು, ರಾಯಚೂರು ಜಿಲ್ಲೆಯ ಒಂದು ಹಳ್ಳಿ. 2025ರ ಫೆಬ್ರವರಿಯಲ್ಲಿ ಆ ಅಣ್ಣ ಆಯೋಗಕ್ಕೆ ಬಂದರು. ನಾನು ಒಂದು ವರ್ಷದಿಂದ ಸಿಟ್ಟು ಕಟ್ಟಿಕೊಂಡು ಕಾದಿದ್ದ ಮನುಷ್ಯ ಕೋಲು ಊರಿಕೊಂಡು ಬಂದರು. ವಯಸ್ಸು ನಲವತ್ತೂ ಇರಲಿಕ್ಕಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತಾಗ ನಮ್ಮ ಮನೆಯವರೇ ಮಾತಾಡಿಸಿದರು.

"ಒಂದ್ ವರ್ಷ ಆತಣ್ಣಾ. ಸಂಜಿ ಆತಂದ್ರ ಮೈ ಬೆಚ್ಚಗಾಗತೈತಿ, ನಡಾ ಹಿಡಕೊಂತೈತಿ. ಎಷ್ಟ್ ಸೂಜಿ ಮಾಡಿಸಿದ್ರೂ ಹೋಗವಲ್ದು."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಮ್ಮ ಮನೆಯವರು ಜೇಬಿನಿಂದ ಹಳೆಯ ಲ್ಯಾಬ್ ವರದಿ ತೆಗೆದು, ಆ ಪರೀಕ್ಷೆಯ ಹೆಸರನ್ನು ಅವರ ಕೈಗೆ ಬರೆದುಕೊಟ್ಟರು. ಇಪ್ಪತ್ತು ದಿನಕ್ಕೆ ಫೋನ್ ಬಂತು. ಪಾಸಿಟಿವ್.

ಅವರ ಹತ್ತಿರ ಹಣ ಇರಲಿಲ್ಲ. ಮೇಳಕ್ಕೂ ಒಂದು ತಿಂಗಳ ಮುಂಚೆ ಅವರ ಎರಡು ಆಡು ಕಂದು ಹಾಕಿದ್ದವು. ಬಿಸಿಲಿಗೆ ಹಿಂಗ ಆಗಿರಬೇಕು ಅಂದುಕೊಂಡಿದ್ದರಂತೆ. ಲಸಿಕೆ ಯಾರೂ ಹಾಕಿರಲಿಲ್ಲ. ಸರ್ಕಾರ 2019ರಲ್ಲಿ ಶುರು ಮಾಡಿದ ಕಂದು ರೋಗದ ಲಸಿಕೆ ಇರುವುದು 4ರಿಂದ 8 ತಿಂಗಳ ಹೆಣ್ಣು ಕರು, ಎಮ್ಮೆಗರುಗಳಿಗೆ, ಆಡಿಗಲ್ಲ. ಮೇಳದವರು ಅವರನ್ನು ಕೇಳಿದ್ದು ಅಂಗಡಿ ಬಾಡಿಗೆ 3,000 ರೂಪಾಯಿ ಮಾತ್ರ. ಆಡಿನ ಆರೋಗ್ಯದ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಇದೆಲ್ಲವನ್ನೂ ಅವರು ಅಫಿಡವಿಟ್‌ನಲ್ಲಿ ಬರೆದುಕೊಟ್ಟರು. ನಾವು ಅವರ ಮೇಲಿನ ಹಣದ ಬೇಡಿಕೆ ಕೈಬಿಟ್ಟೆವು. ತಪ್ಪಾಯಿತು ಅಂತ ಕೆಲವು ನೆಂಟರು ಈಗಲೂ ಹೇಳುತ್ತಾರೆ. ನನಗೆ ಹಾಗೆ ಅನ್ನಿಸಿಲ್ಲ. ಪ್ರತಿ ದಿನ ಆ ಹಾಲು ಕರೆದದ್ದು ಅವರ ಕೈ.

ಮಧ್ಯಸ್ಥಿಕೆಗೂ ಒಂದು ಸಲ ಕೂತಿದ್ದೆವು. ಸಂಘಟಕರು 20,000 ಅಂದರು, ತಪ್ಪು ನಮ್ಮದಲ್ಲ ಅಂತ ಬರೆದುಕೊಡಿ ಅಂದರು. ಎದ್ದು ಬಂದೆವು. ಅದರಿಂದ ಕೇಸಿಗೆ ಏನೂ ಹಾನಿಯಿಲ್ಲ, ನಿಂತಲ್ಲಿಂದಲೇ ಮುಂದುವರಿಯುತ್ತದೆ. ಒಂದು ದೂರು ಮುಗಿಸಲು ಕಾಯ್ದೆಯಲ್ಲಿ ಮೂರರಿಂದ ಐದು ತಿಂಗಳು ಅಂತ ಇದೆ. ನಮಗೆ ಹಿಡಿದದ್ದು 15.

2025ರ ನವೆಂಬರ್‌ನಲ್ಲಿ ಆದೇಶ ಬಂತು. 5 ಲಕ್ಷ ಕೇಳಿದ್ದೆವು. ಬಿಲ್ಲಿದ್ದ 71,400, ಪಗಾರದ ನಷ್ಟ 30,000, ನೋವಿಗೆ 1 ಲಕ್ಷ, ಖರ್ಚಿಗೆ 10,000. ಒಟ್ಟು 2,11,400. ಸಂಘಟಕರು 45 ದಿನದಲ್ಲಿ ಕೊಡಬೇಕು. ಏಳನೇ ಷರತ್ತಿನ ಬಗ್ಗೆ ಆದೇಶದಲ್ಲಿ ಒಂದು ಪುಟವೇ ಇದೆ. ಗೇಟಿನಲ್ಲಿ ಬೋರ್ಡು ಹಾಕಿದ ಮಾತ್ರಕ್ಕೆ ಅಜಾಗ್ರತೆಯ ಹೊಣೆ ಹೋಗುವುದಿಲ್ಲ ಅಂತ ಬರೆದಿದ್ದಾರೆ. ಅದನ್ನು ಮಗಳಿಗೆ ಎರಡು ಸಲ ಓದಿ ಹೇಳಿದೆ. ಅಪೀಲಿಗೂ 45 ದಿನ ಇರುತ್ತದೆ. ಹೋಗುವುದಾದರೆ ಆದೇಶದ ಅರ್ಧ ಹಣ ಮೊದಲೇ ಠೇವಣಿ ಇಡಬೇಕು. ಅವರು ಹೋಗಲಿಲ್ಲ. 43ನೇ ದಿನ ಹಣ ಬಂತು. ಕಿವಿಯೋಲೆ ಬಿಡಿಸಿಕೊಂಡೆ. ಬೆಂಡೋಲೆ ಇನ್ನೂ ಬ್ಯಾಂಕಿನಲ್ಲಿದೆ.

ಮಗಳು ಈಗ ಓಡುತ್ತಾಳೆ. ಚಳಿಗಾಲದಲ್ಲಿ ಸೊಂಟ ಹಿಡಿಯುತ್ತದೆ ಅನ್ನುತ್ತಾಳೆ, ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಇದೆ. ಮೊನ್ನೆ ರಾಯಚೂರು ಕಡೆಯ ಆ ಅಣ್ಣ ಫೋನ್ ಮಾಡಿದ್ದರು. ಆರು ವಾರದ ಮಾತ್ರೆ ಮುಗಿದು ನಡ ಹಗುರಾಗಿದೆಯಂತೆ. ಆಡುಗಳ ರಕ್ತವನ್ನೂ ಪರೀಕ್ಷೆ ಮಾಡಿಸಿದ್ದಾರೆ. ಹದಿನಾಲ್ಕರಲ್ಲಿ ಮೂರು ಪಾಸಿಟಿವ್. "ಏನ್ ಮಾಡ್ಲಿ ಅಕ್ಕಾ? ಅವೇ ಮೂರು ಹಾಲು ಜಾಸ್ತಿ ಕೊಡೂ ಆಡು" ಅಂದರು. ನನಗೆ ಉತ್ತರ ಗೊತ್ತಿರಲಿಲ್ಲ. ಅವುಗಳನ್ನು ಬೇರೆ ಕಟ್ಟಿರಿ, ಸಂತೆಗೆ ಮಾತ್ರ ಹೊಡೆದುಕೊಂಡು ಹೋಗಬೇಡ್ರಿ ಅಂದೆ. ಅತ್ತೆಯ ಆಡುಗಳ ರಕ್ತ ತೆಗೆದಿದ್ದ ಪಶು ವೈದ್ಯರ ನಂಬರು ಕಳಿಸಿದ್ದೇನೆ.